ಹಲಗೆ ನೋಡುವ ಮೊದಲು ನೀರು ನೋಡಿ

ನೀರಿನ ದಂಡೆಯಲ್ಲಿ ಜಾಗ ಮಾಡಿಕೊಂಡವರು ಸಾಮಾನ್ಯವಾಗಿ ಮೊದಲು ಬೋಟ್ ತಗೊಳ್ಳುತ್ತಾರೆ. ಆಮೇಲೆ ಡಾಕ್, ಅಂದರೆ ದಂಡೆಯಿಂದ ನೀರಿನ ಮೇಲೆ ಚಾಚಿದ ಹಲಗೆಯ ಕಟ್ಟೆ, ಕಟ್ಟಿಸುತ್ತಾರೆ. ಬೋಟನ್ನು ನೀರಿನಿಂದ ಮೇಲೆತ್ತಿ ಇಡುವ ಬೋಟ್ ಲಿಫ್ಟ್ ನೆನಪಾಗುವುದು ಕೊನೆಗೆ, ಬೋಟಿನ ಹೊಟ್ಟೆಗೆ ಪಾಚಿ ಹತ್ತಿದ ಮೇಲೆ. ನನ್ನ ಪ್ರಕಾರ ಈ ಸಾಲು ತಲೆಕೆಳಗಾಗಿದೆ. ಮೊದಲು ನೀರು ನೋಡಬೇಕು, ಆಮೇಲೆ ಲಿಫ್ಟ್, ಆಮೇಲೆ ಡಾಕಿನ ಚೌಕಟ್ಟು. ಮೇಲಿನ ಹಲಗೆಯ ಸರದಿ ಎಲ್ಲಕ್ಕಿಂತ ಕೊನೆಗೆ. ಕ್ಯಾಟಲಾಗ್‌ಗಳು ಮಾತ್ರ ಹಲಗೆಯ ಬಣ್ಣದಿಂದಲೇ ಶುರುವಾಗುತ್ತವೆ. ಬಣ್ಣ ಮಾರುವುದು ಸುಲಭ, ಅಲ್ವಾ?

ನಾನು ಬೋಟ್ ಮಾರುವವನಲ್ಲ, ಡಾಕ್ ಕಟ್ಟುವವನೂ ಅಲ್ಲ. ಲೋಹ, ತುಕ್ಕು, ಬೋಲ್ಟು ಇವುಗಳ ಜೊತೆ ಕೆಲಸ ಮಾಡಿದವನು. ನಮ್ಮ ಭಾವ ಸರೋವರದ ದಂಡೆಯಲ್ಲಿ ಡಾಕ್ ಕಟ್ಟಿಸಲು ಹೊರಟಾಗ ಈ ವಿಷಯ ನನಗೂ ಅಂಟಿಕೊಂಡಿತು. ಈಗ ಎಲ್ಲೇ ಡಾಕ್ ಕಂಡರೂ ಬಗ್ಗಿ ಅದರ ಅಡಿಭಾಗ ನೋಡುವ ಚಾಳಿ. ಮೇಲೆ ನಡೆದು ಹೋಗುವವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ ಬಿಡಿ.

ನೀರು ನೋಡುವುದು ಅಂದರೆ ಅದು ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಅಂತ ತಿಳಿದುಕೊಳ್ಳುವುದು. ಸಮುದ್ರದ ಕಡೆ ಉಬ್ಬರ-ಇಳಿತ ಇದ್ದದ್ದೇ. ಕೆನಡಾದ ಫಂಡಿ ಕೊಲ್ಲಿಯಲ್ಲಿ ಅದು 16 ಮೀಟರ್ ತನಕ ಹೋಗುತ್ತದೆ. ಅದು ವಿಪರೀತದ ಮಾತು. ಆದರೆ ಸರೋವರದ ನೀರು ಒಂದೇ ಮಟ್ಟದಲ್ಲಿ ನಿಂತಿರುತ್ತದೆ ಅಂತ ನಂಬುವವರು ಉತ್ತರ ಅಮೆರಿಕದ ಮಿಶಿಗನ್-ಹ್ಯೂರಾನ್ ಸರೋವರಗಳ ದಾಖಲೆ ನೋಡಬೇಕು. 1986ರ ಅಕ್ಟೋಬರ್‌ನ ಗರಿಷ್ಠ ಮಟ್ಟಕ್ಕೂ 2013ರ ಜನವರಿಯ ಕನಿಷ್ಠ ಮಟ್ಟಕ್ಕೂ ಸುಮಾರು 1.9 ಮೀಟರ್ ಅಂತರ. ಹೆಚ್ಚುಕಡಿಮೆ ಒಂದಾಳು ಎತ್ತರ. ನೀರು ತುಂಬಿದ್ದಾಗ ಅಳತೆ ತೆಗೆದು ಲಿಫ್ಟ್ ಹಾಕಿಸಿದವರ ಬೋಟ್, ನೀರು ಇಳಿದ ವರ್ಷ ಲಿಫ್ಟಿನ ಮೇಲೇ ಉಳಿಯುತ್ತದೆ. ಇಳಿಸೋಣ ಅಂದರೆ ಕೆಳಗೆ ತೇಲುವಷ್ಟು ನೀರೇ ಇರುವುದಿಲ್ಲ.

ಆದ್ದರಿಂದ ಅಳತೆ ತೆಗೆಯುವುದು ನೀರು ಅತಿ ಕಡಿಮೆ ಇರುವ ಕಾಲದ್ದು. ಬಂಡೆಗಳ ಮೇಲೆ, ಹಳೇ ಕಂಬಗಳ ಮೇಲೆ ನೀರಿನ ಗೆರೆ ಇರುತ್ತದೆ, ಅದನ್ನು ನೋಡಿ. ಪಕ್ಕದ ಮನೆಯ ಹಿರಿಯರನ್ನು ಕೇಳಿ. ಉದ್ದದ ಕಬ್ಬಿಣದ ಸರಳು ಹಿಡಿದು ನೀರಿಗಿಳಿದು ತಳಕ್ಕೆ ಚುಚ್ಚಿ. ಸರಳು ಮೊಣಕಾಲುದ್ದ ಸುಮ್ನೆ ಒಳಗೆ ಹೋದರೆ ಅದು ಕೆಸರು. ಅಲ್ಲಿ ಕಾಲಿನ ಮೇಲೆ ನಿಲ್ಲುವ ಲಿಫ್ಟ್ ಇಟ್ಟರೆ ಒಂದು ಕಾಲು ಕುಸಿದು ಬೋಟ್ ವಾಲುತ್ತದೆ. ಅಗಲವಾದ ಪಾದ ಕೊಡಬೇಕು, ಇಲ್ಲವೇ ಕಂಬ ಇಳಿಸಬೇಕು. ಸರಳು ಠಣ್ ಅಂದರೆ ಬಂಡೆ. ಅಲ್ಲಿ ಕಂಬ ಇಳಿಸುವ ಮಾತು ಆಡುವ ಮೊದಲು ಯಂತ್ರದವರ ಜೊತೆ ಮಾತಾಡಿ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಜಾಗವಾದರೆ ಇಡೀ ಲಿಫ್ಟನ್ನೇ ಎತ್ತಿ ದಡಕ್ಕೆ ಹಾಕಬೇಕಾಗುತ್ತದೆ. ಅಂಥ ಕಡೆ ಚಕ್ರ ಹಾಕಿ ಎಳೆಯುವಂಥದ್ದೇ ವಾಸಿ.

ಲಿಫ್ಟ್ ಬೇಕಾ ಅಂತಲೇ ಕೇಳುವವರಿದ್ದಾರೆ. ಹಗ್ಗ ಕಟ್ಟಿ ನಿಲ್ಲಿಸಿದರೆ ಸಾಲದೇ? ವಾರಕ್ಕೊಮ್ಮೆ ಹೊರಗೆಳೆದು ಟ್ರೇಲರ್ ಮೇಲೆ ಇಡುವವರಿಗೆ ಸಾಕು. ನೀರಲ್ಲೇ ಬಿಡುವುದಾದರೆ ಮಾತು ಬೇರೆ. ಫೈಬರ್‌ಗ್ಲಾಸ್ ಬೋಟಿನ ತಳ ತಿಂಗಳುಗಟ್ಟಲೆ ನೀರಲ್ಲಿ ನೆನೆದರೆ ಮೇಲಿನ ಪದರದ ಒಳಗೆ ನೀರು ಸೇರಿ ಬೊಬ್ಬೆ ಏಳುವುದುಂಟು. ಪಾಚಿ, ಚಿಪ್ಪು ಅಂಟದಿರಲಿ ಅಂತ ತಾಮ್ರ ಬೆರೆಸಿದ ಬಣ್ಣ ಬಳಿಯುತ್ತಾರೆ. ಹಿಂದೆ ಇದಕ್ಕೆ ಟಿಬಿಟಿ ಅನ್ನುವ ತವರದ ರಾಸಾಯನಿಕ ಹಾಕುತ್ತಿದ್ದರು. ಅದು ಎಷ್ಟು ಘೋರ ವಿಷ ಅಂದರೆ ಫ್ರಾನ್ಸಿನ ಆರ್ಕಾಶೋನ್ ಕೊಲ್ಲಿಯ ಸಿಂಪಿ ಸಾಕಣೆಯೇ ನೆಲಕಚ್ಚಿತ್ತು. ಫ್ರಾನ್ಸ್ 1982ರಲ್ಲಿ ಸಣ್ಣ ಬೋಟುಗಳಿಗೆ ಅದನ್ನು ನಿಷೇಧಿಸಿತು. ಜಗತ್ತಿನ ಮಟ್ಟದ ಒಪ್ಪಂದ ಜಾರಿಗೆ ಬಂದದ್ದು 2008ರಲ್ಲಿ. ಬೋಟನ್ನು ನೀರಿನಿಂದ ಮೇಲೆತ್ತಿ ಇಟ್ಟರೆ ಈ ಬಣ್ಣದ ರಗಳೆಯೇ ಇಲ್ಲ. ಲಿಫ್ಟಿನ ಪರ ನನಗೆ ಎಲ್ಲಕ್ಕಿಂತ ಹಿಡಿಸಿದ ವಾದ ಇದು.

ಈಗ ಲಿಫ್ಟಿನ ಬಗೆಗಳು. ನೀರಿನ ಮಟ್ಟ ಜಾಸ್ತಿ ಬದಲಾಗದ, ಆಳ ಕಡಿಮೆ ಇರುವ ಕಡೆ ಕ್ಯಾಂಟಿಲಿವರ್ ಲಿಫ್ಟ್ ಸಾಕು. ಅದರ ಚೌಕಟ್ಟು ಮಲಗಿದ್ದು ಎದ್ದು ನಿಲ್ಲುವಾಗ ಬೋಟ್ ಸ್ವಲ್ಪ ಮುಂದಕ್ಕೂ ಮೇಲಕ್ಕೂ ಹೋಗುತ್ತದೆ. ಭಾಗಗಳು ಕಡಿಮೆ, ಹಾಗಾಗಿ ಕೆಡುವುದೂ ಕಡಿಮೆ. ಬೋಟ್ ಹಗುರವಾಗಿದ್ದರೆ ದೊಡ್ಡ ಚಕ್ರ ತಿರುಗಿಸಿ ಕೈಯಲ್ಲೇ ಎತ್ತಬಹುದು. ಆದರೆ ಎತ್ತುವ ಎತ್ತರಕ್ಕೆ ಮಿತಿ ಇದೆ. ನೀರು ಜಾಸ್ತಿ ಏರಿಳಿಯುವ ಕಡೆ ನಾಲ್ಕು ಕಂಬದ ನೇರ ಲಿಫ್ಟ್ ಬೇಕು. ಅದರಲ್ಲಿ ಕೇಬಲ್ಲು, ರಾಟೆ, ಕೇಬಲ್ ಸುತ್ತುವ ವಿಂಚ್ ಎಲ್ಲ ಇರುತ್ತವೆ. ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಲಿಫ್ಟ್ ಬೇಗ ಎತ್ತುತ್ತದೆ, ಕೇಬಲ್ಲಿನ ಕಾಟವೂ ಇಲ್ಲ. ಎಷ್ಟೋ ಮಾದರಿಗಳು ಬ್ಯಾಟರಿ, ಸೋಲಾರ್ ಪ್ಯಾನೆಲ್ ಮೇಲೇ ನಡೆಯುತ್ತವೆ. ದಡದಿಂದ ಡಾಕಿಗೆ ದೊಡ್ಡ ಕರೆಂಟ್ ಎಳೆಯುವುದು ತಪ್ಪುತ್ತದೆ, ಅದು ಸಣ್ಣ ಲಾಭವಲ್ಲ. ಸೀಲ್ ಹೋದರೆ ಮಾತ್ರ ಎಣ್ಣೆ ನೇರ ನೀರಿಗೆ. ಬೇಗ ಕೊಳೆತು ಕರಗುವ ಎಣ್ಣೆ ಹಾಕುತ್ತಾರಾ ಅಂತ ಕೇಳಿ.

ನನಗೆ ಬಹಳ ಇಷ್ಟವಾದದ್ದು ತೇಲುವ ಲಿಫ್ಟ್. ಪ್ಲಾಸ್ಟಿಕ್ ಟ್ಯಾಂಕುಗಳಿಗೆ ನೀರು ಬಿಟ್ಟರೆ ಮುಳುಗುತ್ತದೆ, ಬೋಟ್ ಒಳಗೆ ಬರುತ್ತದೆ, ಬ್ಲೋವರ್ ಗಾಳಿ ಊದಿ ನೀರನ್ನು ಹೊರಗೆ ತಳ್ಳಿದರೆ ಬೋಟ್ ಸಮೇತ ಮೇಲೆ. ಒಂದು ಘನ ಮೀಟರ್ ಸಿಹಿನೀರನ್ನು ಹೊರಗೆ ತಳ್ಳಿದರೆ 1,000 ಕಿಲೋ ಎತ್ತುವ ಬಲ ಸಿಗುತ್ತದೆ. ಅದರಲ್ಲಿ ಲಿಫ್ಟಿನ ಸ್ವಂತ ತೂಕ ಕಳೆದು ಉಳಿದದ್ದು ಬೋಟಿಗೆ. ನೀರು ಏರಿದರೆ ತಾನೂ ಏರುತ್ತದೆ, ಇಳಿದರೆ ಇಳಿಯುತ್ತದೆ. ತಳ ಕೆಸರಾದರೇನು, ಬಂಡೆಯಾದರೇನು, ಇದಕ್ಕೆ ಸಂಬಂಧವೇ ಇಲ್ಲ. ಒಂದೇ ಷರತ್ತು: ಟ್ಯಾಂಕು ಬೋಟಿನ ಅಡಿಗೆ ಇಳಿಯುವಷ್ಟು ಆಳ ಬೇಕು. ಆಳವಿಲ್ಲದ ಕಡೆ ಇದನ್ನು ತಂದು ಹಾಕಿಕೊಂಡು ಒದ್ದಾಡುವವರಿದ್ದಾರೆ.

ತೂಕದ ವಿಷಯಕ್ಕೆ ಬರೋಣ. ಭಾವನ ಜೊತೆ ಜಾಸ್ತಿ ಚರ್ಚೆ ಆದದ್ದು ಇಲ್ಲೇ.

"ಬೋಟಿನ ತೂಕ ಎಷ್ಟು ಭಾವ?" ಅಂದೆ.

"1,400 ಕಿಲೋ ಕಣಯ್ಯ, ಕ್ಯಾಟಲಾಗಲ್ಲೇ ಇದೆ. ಒಂದೂವರೆ ಟನ್ನಿನ ಲಿಫ್ಟ್ ಸಾಕಲ್ಲ?"

"ಅದು ಒಣ ತೂಕ. ನೀವು ಪೆಟ್ರೋಲ್ ಹಾಕಲ್ವಾ?"

ಇಬ್ಬರೂ ಕೂತು ಕೂಡಿದೆವು. ಔಟ್‌ಬೋರ್ಡ್ ಎಂಜಿನ್ ಕ್ಯಾಟಲಾಗಿನ ಲೆಕ್ಕದಲ್ಲಿ ಸೇರಿರಲಿಲ್ಲ, ಅದು 200 ಕಿಲೋ. ಪೆಟ್ರೋಲ್ 150 ಲೀಟರ್, ಲೀಟರಿಗೆ ಮುಕ್ಕಾಲು ಕಿಲೋ ಹಿಡಿದರೆ 110ರ ಮೇಲೆ. ಬ್ಯಾಟರಿ ಎರಡು, 50 ಕಿಲೋ. ಲಂಗರು, ಸರಪಳಿ, ಲೈಫ್ ಜಾಕೆಟ್, ಹಗ್ಗ, ಐಸ್ ಪೆಟ್ಟಿಗೆ, "ಇರಲಿ ಬೇಕಾಗುತ್ತೆ" ಅಂತ ತುಂಬಿದ ಸಾಮಾನು ಸೇರಿ ಇನ್ನೊಂದು 100. ಒಟ್ಟು 1,860 ಕಿಲೋ ದಾಟಿತು. ಇದರ ಮೇಲೆ ಮಳೆ. ಐದು ಮೀಟರ್ ಉದ್ದ, ಎರಡು ಮೀಟರ್ ಅಗಲದ ಬೋಟಿನೊಳಗೆ 50 ಮಿಲಿಮೀಟರ್ ಮಳೆ ನಿಂತರೆ 500 ಲೀಟರ್, ಅಂದರೆ ಅರ್ಧ ಟನ್. ಒಂದು ರಾತ್ರಿಯ ಜೋರು ಮಳೆಗೆ ಇದು ಹೆಚ್ಚೇನಲ್ಲ. ಹಾಗಾಗಿ ಬೋಟ್ ಲಿಫ್ಟಿನ ಮೇಲೆ ಇರುವಾಗ ತಳದ ಬಿರಡೆ ತೆಗೆದಿಟ್ಟಿರಬೇಕು, ಹಿಂಬದಿ ಸ್ವಲ್ಪ ತಗ್ಗಿರಬೇಕು, ಆ ತೂತಿಗೆ ಎಲೆ ಸಿಕ್ಕಿಕೊಂಡಿಲ್ಲ ಅಂತ ನೋಡುತ್ತಿರಬೇಕು. ಬಿರಡೆಯನ್ನು ಲಿಫ್ಟಿನ ಸ್ವಿಚ್ಚಿಗೇ ದಾರ ಕಟ್ಟಿ ನೇತುಹಾಕುವುದು ಒಳ್ಳೆಯದು. ಇಳಿಸುವ ಮೊದಲು ಕೈಗೆ ತಗುಲುತ್ತದೆ.

ಇಷ್ಟೆಲ್ಲ ಕೂಡಿ ಕಳೆಯುವುದು ಬೇಡ ಅನ್ನುವವರಿಗೆ ಸುಲಭದ ದಾರಿ ಇದೆ. ಬೋಟನ್ನು ಟ್ರೇಲರ್ ಸಮೇತ, ಟ್ಯಾಂಕ್ ತುಂಬಿಸಿ, ಸಾಮಾನು ಇಟ್ಟು ವೇಬ್ರಿಡ್ಜಿಗೆ ತಗೊಂಡು ಹೋಗಿ. ಟ್ರೇಲರಿನ ತೂಕ ಕಳೆಯಿರಿ. ಬಂದದ್ದೇ ನಿಜವಾದ ತೂಕ. ಅದರ ಮೇಲೆ ಕಾಲು ಭಾಗವಾದರೂ ಜಾಸ್ತಿ ಎತ್ತುವ ಲಿಫ್ಟ್ ತಗೊಳ್ಳಿ. ನಾಳೆ ದೊಡ್ಡ ಬೋಟ್ ಬರುವುದಿಲ್ಲ ಅಂತ ಯಾರೂ ಆಣೆ ಇಡುವುದಿಲ್ಲವಲ್ಲ.

ತೂಕ ಸರಿ ಇದ್ದರೂ ಕೂರಿಸುವ ರೀತಿ ಸರಿ ಇರಬೇಕು. ಎಂಜಿನ್ ಹಿಂದೆ ಇರುವುದರಿಂದ ಭಾರವೆಲ್ಲ ಹಿಂದೆಯೇ. ಬೋಟ್ ಒರಗುವ ಅಡ್ಡೆಗಳು ತಳದ ಒಳಗಿನ ಉದ್ದ ತೊಲೆಗಳ ಕೆಳಗೇ ಬರಬೇಕು, ಹಿಂಬದಿಯ ಅಂಚಿನ ತನಕ ಆನಿಕೆ ಕೊಡಬೇಕು. ಹಿಂಬದಿ ಗಾಳಿಯಲ್ಲಿ ನೇತಾಡಿದರೆ ಎಂಜಿನ್ನಿನ ಭಾರಕ್ಕೆ ತಳ ನಿಧಾನವಾಗಿ ಬಾಗುತ್ತದೆ. ಆಮೇಲೆ ಬೋಟ್ ನೀರಲ್ಲಿ ಸರಿಯಾಗಿ ಓಡುವುದಿಲ್ಲ, ಯಾಕೆ ಅಂತಲೂ ಗೊತ್ತಾಗುವುದಿಲ್ಲ.

ಕೇಬಲ್ ಇರುವ ಲಿಫ್ಟ್ ತಗೊಂಡರೆ ಕೇಬಲ್ಲನ್ನು ಹತ್ತಿರದಿಂದ ನೋಡಲು ಕಲಿಯಬೇಕು. ಬಾಗುವ ಜಾಗಕ್ಕೆ ಬಳಸುವ ಮಾಮೂಲಿ ಕೇಬಲ್ಲಿನಲ್ಲಿ ಏಳು ಎಳೆ, ಒಂದೊಂದು ಎಳೆಯಲ್ಲಿ 19 ತಂತಿ, ಒಟ್ಟು 133. ರಾಟೆಯ ಮೇಲೆ ಬಾಗಿ ಬಾಗಿ ಒಂದೊಂದೇ ತಂತಿ ತುಂಡಾಗುತ್ತದೆ. ದೂರದಿಂದ ಏನೂ ಕಾಣುವುದಿಲ್ಲ. ಬೋಟ್ ಇಳಿಸಿ, ಭಾರ ಪೂರ್ತಿ ತೆಗೆದು, ದಪ್ಪ ಚರ್ಮದ ಗ್ಲೌಸ್ ಹಾಕಿಕೊಂಡು, ಒಂದು ಹಳೇ ಬಟ್ಟೆಯನ್ನು ಕೇಬಲ್ಲಿಗೆ ಸುತ್ತಿ ಮೆಲ್ಲಗೆ ಎಳೆದುಕೊಂಡು ಹೋಗಿ. ತಂತಿ ಮುರಿದಲ್ಲಿ ಬಟ್ಟೆ ಚಕ್ಕನೆ ಸಿಕ್ಕಿಕೊಳ್ಳುತ್ತದೆ. ರಾಟೆಯ ಒಳಗೆ ಕೂರುವ ತುಂಡು, ಯಾವಾಗಲೂ ನೀರಿಗೆ ಹೋಗಿ ಬರುವ ತುಂಡು, ತುದಿಯ ಕ್ಲಾಂಪಿನ ಬುಡ ಇವೇ ಮೊದಲು ಹೋಗುವ ಜಾಗಗಳು. ಬಟ್ಟೆ ಸಿಕ್ಕಿದ ಕಡೆ ಕಂದು ಪುಡಿಯೂ ಉದುರಿದರೆ ಇನ್ನು ಯೋಚನೆ ಬೇಡ, ಕೇಬಲ್ ಬದಲಾಯಿಸಿ. ನಾಲ್ಕೂ ಕಂಬದ ಕೇಬಲ್ಲನ್ನು ಒಟ್ಟಿಗೇ.

ಲೋಹದ ಮಾತು ಬಂತು ಅಂತ ನನ್ನ ಕಸುಬಿನ ಮಾತು ಸ್ವಲ್ಪ ಹೇಳಿಬಿಡುತ್ತೇನೆ. ಡಾಕನ್ನು ಕೆಡಿಸುವುದು ಬರೀ ನೀರಲ್ಲ, ನೀರು ಗಾಳಿ ಎರಡೂ ಸೇರುವ ಪಟ್ಟಿ. ಸದಾ ಮುಳುಗಿರುವ ಮರಕ್ಕೆ ಕೊಳೆ ಹಿಡಿಸುವ ಶಿಲೀಂಧ್ರ ಬೆಳೆಯಲು ಆಮ್ಲಜನಕ ಸಾಲದು. ವೆನಿಸ್ಸಿನ ಕಟ್ಟಡಗಳ ಕೆಳಗಿನ ಮರದ ಕಂಬಗಳು ಶತಮಾನಗಳಿಂದ ಕೆಸರಿನೊಳಗೆ ನಿಂತಿವೆ. ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗುವ ಜಾಗದಲ್ಲಿ ಮರ ಕೊಳೆಯುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ. ಉಪ್ಪುನೀರು ಚಿಮ್ಮುವ ಆ ಮೊಳದಷ್ಟು ಪಟ್ಟಿಯಲ್ಲೇ ಉಕ್ಕಿನ ಕಂಬ ಎಲ್ಲಕ್ಕಿಂತ ಬೇಗ ತೆಳ್ಳಗಾಗುವುದು.

ಉಪ್ಪುನೀರಲ್ಲಿ ಇನ್ನೊಬ್ಬ ಶತ್ರು ಇದ್ದಾನೆ, ಹಡಗು ಹುಳ. ನಿಜವಾಗಿ ಅದು ಹುಳವಲ್ಲ, ಚಿಪ್ಪಿನ ಜಾತಿಯ ಜೀವಿ. ಮರದೊಳಗೆ ಸುರಂಗ ಕೊರೆಯುತ್ತದೆ, ಹೊರಗೆ ಸಣ್ಣ ತೂತಷ್ಟೇ ಕಾಣುತ್ತದೆ. 1731ರ ಹೊತ್ತಿಗೆ ನೆದರ್‌ಲ್ಯಾಂಡ್ಸಿನ ಸಮುದ್ರ ಒಡ್ಡುಗಳ ಮರವನ್ನು ಇದು ಹೇಗೆ ತಿಂದಿತ್ತು ಅಂದರೆ, ಡಚ್ಚರು ಮರ ಬಿಟ್ಟು ಕಲ್ಲಿಗೆ ಹೋಗಬೇಕಾಯಿತು. 1919ರಿಂದ ಒಂದೆರಡು ವರ್ಷ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಧಕ್ಕೆಗಳು ಸಾಲುಸಾಲಾಗಿ ಕುಸಿದದ್ದಕ್ಕೂ ಇದೇ ಕಾರಣ. ಥೇಮ್ಸ್ ನದಿಯ ಅಡಿ ಸುರಂಗ ತೋಡಿದ ಮಾರ್ಕ್ ಬ್ರೂನೆಲ್ ತನ್ನ ಯಂತ್ರದ ಉಪಾಯ ಕಲಿತದ್ದೂ ಇದನ್ನು ನೋಡಿಯೇ ಅಂತಾರೆ. ಮರದ ಕಂಬಕ್ಕೆ ಔಷಧಿ ಉಣಿಸುವುದು ಯಾಕೆ ಅಂತ ಕೇಳುವವರಿಗೆ ಇಷ್ಟು ಸಾಕು.

ಆ ಔಷಧಿಗೂ ಒಂದು ಚರಿತ್ರೆ ಇದೆ. ಮೊದಲು ಮರಕ್ಕೆ ಸಿಸಿಎ, ಅಂದರೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ದ್ರಾವಣ ಹಾಕುತ್ತಿದ್ದರು. ಆರ್ಸೆನಿಕ್ ಭಯದಿಂದ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಹೆಚ್ಚಿನ ಮರದಿಂದ ಅದನ್ನು ಕೈಬಿಟ್ಟರು. ಅದರ ಜಾಗಕ್ಕೆ ಬಂದ ಔಷಧಿಗಳಲ್ಲಿ ತಾಮ್ರ ಜಾಸ್ತಿ. ತಾಮ್ರ ಜಾಸ್ತಿ ಆದ ಕೂಡಲೇ ಮಾಮೂಲಿ ಮೊಳೆ, ಸ್ಕ್ರೂಗಳನ್ನು ಮರವೇ ತಿನ್ನಲು ಶುರು ಮಾಡಿತು. ದಪ್ಪಗೆ ಸತು ಅದ್ದಿದ ಸ್ಕ್ರೂ ಇಲ್ಲವೇ ಸ್ಟೇನ್‌ಲೆಸ್ ಬೇಕಾಯಿತು. ಅಂಥ ಮರಕ್ಕೆ ಬರಿ ಅಲ್ಯೂಮಿನಿಯಂ ತಾಗುವಂತಿಲ್ಲ, ನಡುವೆ ಪ್ಲಾಸ್ಟಿಕ್ ಹಾಳೆ ಇರಬೇಕು. ಲಿಫ್ಟಿನ ಅಲ್ಯೂಮಿನಿಯಂ ಕಾಲನ್ನು ತಂದು ಮರದ ಕಂಬಕ್ಕೆ ನೇರ ಬೋಲ್ಟ್ ಹೊಡೆಯುವವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಮತ್ತೊಂದು ಮಾತು: ಔಷಧಿ ಮರದ ತಿರುಳಿನ ತನಕ ಹೋಗುವುದಿಲ್ಲ. ಕೊಯ್ದ ತುದಿಗೆ, ಕೊರೆದ ತೂತಿಗೆ ಮತ್ತೆ ಔಷಧಿ ಬಳಿಯಲೇಬೇಕು. ಕೆಲಸದವರು ಸಂಜೆ ಹೊತ್ತು ಅವಸರದಲ್ಲಿ ಬಿಡುವ ಕೆಲಸ ಇದೇ. ಪಕ್ಕದಲ್ಲಿ ನಿಂತು ಮಾಡಿಸಿ.

ಉಪ್ಪುನೀರಾದರೆ 316 ದರ್ಜೆಯ ಸ್ಟೇನ್‌ಲೆಸ್ ಕೇಳಿ. ಅದರಲ್ಲಿ ಉಪ್ಪಿನ ತುಕ್ಕು ತಡೆಯುವ ಮಾಲಿಬ್ಡಿನಮ್ ಶೇ. 2ರಿಂದ 3ರಷ್ಟು ಇರುತ್ತದೆ, 304ರಲ್ಲಿ ಇರುವುದಿಲ್ಲ. ಬಿಲ್ಲಿನಲ್ಲಿ ಬರೀ 'ಸ್ಟೇನ್‌ಲೆಸ್' ಅಂತ ಬರೆದಿದ್ದರೆ ಒಪ್ಪಬೇಡಿ. ತಾನು ಸವೆದು ಲಿಫ್ಟಿನ ಲೋಹ ಉಳಿಸಲಿ ಅಂತ ಕಟ್ಟುವ ಬಲಿಲೋಹದ ಗಟ್ಟಿ ಉಪ್ಪುನೀರಿಗೆ ಸತುವಿನದ್ದು, ಸಿಹಿನೀರಿಗೆ ಮೆಗ್ನೀಸಿಯಂನದ್ದು. ಅದು ಸವೆದು ಅರ್ಧವಾದರೆ ಬೇಸರ ಬೇಡ, ಸವೆಯುವುದೇ ಅದರ ಕೆಲಸ. ವರ್ಷಗಟ್ಟಲೆ ಹೊಸದರಂತೆ ಇದ್ದರೆ ಎಲ್ಲೋ ಸಂಪರ್ಕ ತಪ್ಪಿದೆ ಅಂತ ಅರ್ಥ.

ಹಲಗೆಗೆ ಕೊನೆಗೂ ಬಂದೆವು. ಐಪೆ ಅನ್ನುವ ದಕ್ಷಿಣ ಅಮೆರಿಕದ ಮರ ಎಷ್ಟು ಗಟ್ಟಿ ಅಂದರೆ ಮೊದಲು ತೂತು ಕೊರೆಯದೆ ಸ್ಕ್ರೂ ಇಳಿಯುವುದಿಲ್ಲ. ನೀರಿಗೆ ಹಾಕಿದರೆ ಎಷ್ಟೋ ತುಂಡುಗಳು ಮುಳುಗಿಯೇ ಹೋಗುತ್ತವೆ. ದಶಕಗಳು ಬಾಳುತ್ತದೆ. ಆದರೆ ಕಾಡಿನಲ್ಲಿ ಅದು ನಿಧಾನವಾಗಿ, ಅಲ್ಲೊಂದು ಇಲ್ಲೊಂದು ಬೆಳೆಯುವ ಮರ. 2024ರ ನವೆಂಬರ್‌ನಿಂದ ಅದು ಅಪಾಯದಲ್ಲಿರುವ ಗಿಡಮರ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಗಡಿ ದಾಟುವ ವ್ಯಾಪಾರಕ್ಕೆ ಪರವಾನಗಿ ಬೇಕು. ಕಾಗದ ತೋರಿಸದ ವ್ಯಾಪಾರಿಯಿಂದ ನಾನಂತೂ ತಗೊಳ್ಳುವುದಿಲ್ಲ.

ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ ಕಾಂಪೋಸಿಟ್ ಹಲಗೆ ಮನೆಯ ಅಂಗಳಕ್ಕೆ ಚೆನ್ನ. ನೀರಿನ ಮೇಲೆ ನನಗೆ ಅನುಮಾನ. ಕೆಳಗಿನ ಮೈ ಸದಾ ಹಬೆಗೆ ಒಡ್ಡಿಕೊಂಡಿರುತ್ತದೆ, ಎಷ್ಟೋ ಹಲಗೆಗಳಿಗೆ ಕವಚ ಮೂರೇ ಕಡೆ. ನಾಲ್ಕೂ ಕಡೆ ಕವಚ ಇರಲಿ, ನೀರಿನ ಮೇಲೆ ಹಾಸಿದರೆ ಗ್ಯಾರಂಟಿ ನಡೆಯುತ್ತದಾ ಅಂತ ಕಾಗದದಲ್ಲೇ ನೋಡಿ. ಮರಕ್ಕಿಂತ ಹತ್ತಿರ ಹತ್ತಿರ ತೊಲೆ ಬೇಕು, ಇಲ್ಲದಿದ್ದರೆ ನಡುವೆ ಜೋತುಬೀಳುತ್ತದೆ. ಬಿಸಿಲಿಗೆ ಹಿಗ್ಗುತ್ತದೆ ಕೂಡ. ಪೂರ್ತಿ ಪಾಲಿಎಥಿಲೀನ್ ಹಲಗೆಯಾದರೆ ಐದು ಮೀಟರ್ ಉದ್ದಕ್ಕೆ 30 ಡಿಗ್ರಿ ವ್ಯತ್ಯಾಸದಲ್ಲಿ ಒಂದೂವರೆ ಸೆಂಟಿಮೀಟರ್ ಮೀರಬಹುದು. ಅಲ್ಯೂಮಿನಿಯಂ ಅಷ್ಟೇ ಉದ್ದಕ್ಕೆ ಮೂರೂವರೆ ಮಿಲಿಮೀಟರ್. ಕಡು ಬಣ್ಣದ ಕಾಂಪೋಸಿಟ್ ಮೇಲೆ ಮಧ್ಯಾಹ್ನ ಬರಿಗಾಲಲ್ಲಿ ನಿಂತು ನೋಡಿ, ನನ್ನ ಮಾತು ಬೇಕಾಗುವುದಿಲ್ಲ. ಅಂಗಡಿಯ ನೆರಳಲ್ಲಿ ಮಾದರಿ ನೋಡಿದರೆ ಇದು ಗೊತ್ತಾಗುವುದೇ ಇಲ್ಲ. ಒಂದು ತುಂಡು ತಂದು ಬಿಸಿಲಿಗಿಡಿ, ನೀರು ಚೆಲ್ಲಿ ಕಾಲಿಟ್ಟು ಜಾರುತ್ತದಾ ನೋಡಿ.

ಅಲೆ ಇರುವ ಜಾಗಕ್ಕೆ ನನ್ನ ಒಲವು ಜಾಲರಿ ಹಲಗೆಗೆ. ಸಂದಿಲ್ಲದೆ ಹಾಸಿದ ಡಾಕಿನ ಅಡಿಗೆ ದೊಡ್ಡ ಅಲೆ ನುಗ್ಗಿದರೆ ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ಇಡೀ ಹಾಸು ಎದ್ದುಬಿಡುತ್ತದೆ. ಜಾಲರಿಯಲ್ಲಿ ನೀರು ಮೇಲೆ ಚಿಮ್ಮಿ ಹೋಗುತ್ತದೆ. ಬೆಳಕೂ ಕೆಳಗಿಳಿಯುತ್ತದೆ, ನೀರಡಿಯ ಹುಲ್ಲು ಸಾಯುವುದಿಲ್ಲ, ಮೀನುಮರಿಗಳಿಗೆ ಅದೇ ಮನೆ. ಕೆಲವು ಕಡೆ ಅನುಮತಿ ಸಿಗುವುದೇ ಜಾಲರಿ ಹಾಕಿದರೆ ಮಾತ್ರ. ದಂಡೆ ನಿಮ್ಮದಾದರೂ ನೀರಿನ ತಳ ಸಾಮಾನ್ಯವಾಗಿ ಸರ್ಕಾರದ್ದು, ಹಾಗಾಗಿ ಅನುಮತಿಯ ವಿಷಯ ಮೊದಲೇ ವಿಚಾರಿಸಿ. ಜಾಲರಿಗೆ ದೋಷವಿಲ್ಲ ಅಂತಲ್ಲ. ನಾಯಿ ಅದರ ಮೇಲೆ ಕಾಲಿಡಲು ಹಿಂಜರಿಯುತ್ತದೆ. ಕೈತಪ್ಪಿದ ಕೀಲಿ ಸೀದಾ ನೀರಿಗೆ. ಅಕ್ಕನಿಗೆ ಅದು ಕಾರ್ಖಾನೆಯ ಮೆಟ್ಟಿಲಿನಂತೆ ಕಂಡಿತಂತೆ, ಅದರ ಬಗ್ಗೆ ಮನೆಯಲ್ಲಿ ಇನ್ನೂ ಮಾತುಕತೆ ನಡೆದಿದೆ.

ಬಿರುಗಾಳಿಯ ಮುನ್ಸೂಚನೆ ಬಂದಾಗ ಬೋಟನ್ನು ಲಿಫ್ಟಿನ ತುತ್ತತುದಿಗೆ ಎತ್ತಿ ಬಿಟ್ಟುಬಿಡುವವರಿದ್ದಾರೆ. ನೀರು ಅಷ್ಟೆತ್ತರಕ್ಕೆ ಉಕ್ಕಿದರೆ ಬೋಟ್ ಅಲ್ಲಿಂದಲೇ ತೇಲಿಹೋಗಿ ಕಂಬಕ್ಕೆ ಬಡಿಯುತ್ತದೆ. ಸಮಯ ಇದ್ದರೆ ಟ್ರೇಲರ್ ಮೇಲೆ ಹಾಕಿ ದೂರ ಒಯ್ಯುವುದೇ ಸರಿ.

ಇನ್ನು ಕರೆಂಟ್. ಲಿಫ್ಟಿನ ಮೋಟಾರಿಗೆ ವೈರ್ ಎಳೆಯುವಾಗ ಉಳಿತಾಯ ಮಾಡಬೇಡಿ. ಎಲ್ಲೋ ವೈರ್ ಸುಲಿದು ನೀರಿಗೆ ಕರೆಂಟ್ ಸೋರಿದರೆ ಸಿಹಿನೀರಲ್ಲಿ ಅಪಾಯ ಜಾಸ್ತಿ. ಸಮುದ್ರದ ನೀರು ಮೈಗಿಂತ ಚೆನ್ನಾಗಿ ಕರೆಂಟ್ ಹರಿಸುತ್ತದೆ, ಸಿಹಿನೀರು ಹಾಗಲ್ಲ, ಅದಕ್ಕಿಂತ ಮೈಯೇ ಸುಲಭದ ದಾರಿ. ಈಜುತ್ತಿದ್ದವರ ಕೈಕಾಲು ಮರಗಟ್ಟುತ್ತದೆ, ಕೂಗದೆ ಮುಳುಗುತ್ತಾರೆ. ಸೋರಿಕೆಯಾದರೆ ಕರೆಂಟ್ ಕಡಿಯುವ ಬ್ರೇಕರ್ ಹಾಕಿಸಿ, ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ. ಲಿಫ್ಟಿನ ಸ್ವಿಚ್ಚಿಗೆ ಕೀಲಿ ಇರಲಿ, ಬೋಟ್ ಮೇಲೇರುವಾಗ ಒಳಗೆ ಯಾರೂ ಕೂರಬಾರದು. ಕರೆಂಟ್ ಇರುವ ಡಾಕಿನ ಸುತ್ತ ಮಕ್ಕಳನ್ನು ಈಜಲು ಬಿಡಲೇಬೇಡಿ. ಮೇನ್ ಸ್ವಿಚ್ ದಡದಲ್ಲಿರಲಿ, ಮನೆಯ ಎಲ್ಲರಿಗೂ ಅದರ ಜಾಗ ಗೊತ್ತಿರಲಿ. ನೀರಲ್ಲಿ ಯಾರಿಗಾದರೂ ಜುಮ್ಮೆಂದರೆ ಅವರು ಡಾಕಿನ ಕಡೆ ಬರದೆ ದೂರಕ್ಕೆ ಈಜಬೇಕು. ಮೇಲಿದ್ದವರು ನೀರಿಗೆ ಹಾರಬಾರದು. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಹಗ್ಗ ಕಟ್ಟಿದ ಟ್ಯೂಬ್ ಎಸೆಯಬೇಕು.